ಫ್ಯಾಕ್ಟರಿ ಬೋಲ್ಟ್ ಆ್ಯಕ್ಷನ್ ರೈಫಲ್ ಕೊಳ್ಳುವ ಮುಂಚೆ ಅದರ ಗುರಿ ಎಷ್ಟು ನಿಖರ ಅಂತ ತಿಳಿಯೋದು ಹೇಗೆ?

ಗುಂಡು ಹಾರಿಸದೆ ಯಾವ ರೈಫಲ್ಲಿನ ನಿಖರತೆಯನ್ನೂ ಹೇಳಲಾಗದು. ಆದರೆ ಕೆಟ್ಟ ರೈಫಲ್ಲನ್ನು ಅಂಗಡಿಯಲ್ಲೇ ಗುರುತಿಸಿ ಪಕ್ಕಕ್ಕಿಡಬಹುದು.

ಮೊದಲು ಜಾಹೀರಾತುಗಳಲ್ಲಿ ಕಾಣುವ ‘1 ಎಂಒಎ ಗ್ಯಾರಂಟಿ’ ವಿಷಯ. ಎಂಒಎ (ಮಿನಿಟ್ ಆಫ್ ಆ್ಯಂಗಲ್) ಅಂದರೆ ಗುಂಡುಗಳು ಎಷ್ಟು ಚದುರಿ ಬೀಳುತ್ತವೆ ಅಂತ ಹೇಳುವ ಕೋನದ ಅಳತೆ. 100 ಮೀಟರಿನಲ್ಲಿ 1 ಎಂಒಎ ಸುಮಾರು 29 ಮಿ.ಮೀ. ಇಂಥ ಗ್ಯಾರಂಟಿ ಸಾಮಾನ್ಯವಾಗಿ ಮೂರೇ ಗುಂಡಿನ ಗುಂಪಿಗೆ (ಒಂದೇ ಗುರಿಗೆ ಹಾರಿಸಿದ ಗುಂಡುಗಳ ತೂತುಗಳ ಹರವು), ಅದೂ ಉತ್ತಮ ದರ್ಜೆಯ ತೋಟಾ ಹಾಕಿದಾಗ. ಅದೇ ರೈಫಲ್ಲಿನಲ್ಲಿ ಐದು ಹಾರಿಸಿದರೆ ಗುಂಪು ಸರಾಸರಿ ಕಾಲು ಭಾಗ ಹಿಗ್ಗುತ್ತದೆ, ಹತ್ತಕ್ಕೆ ಒಂದೂವರೆ ಪಟ್ಟು ದಾಟುತ್ತದೆ. ರೈಫಲ್ ಕೆಟ್ಟಿತು ಅಂತಲ್ಲ, ಲೆಕ್ಕವೇ ಹಾಗೆ. ಹಾಗಾಗಿ ಮಾರುವವರು ಮೊಬೈಲಿನಲ್ಲಿ ತೋರಿಸುವ ಮೂರು ತೂತಿನ ಫೋಟೋಗೆ ಮರುಳಾಗಬೇಡಿ. ಎಷ್ಟು ಗುಂಡು, ಸತತವಾಗಿ ಎಷ್ಟು ಗುಂಪು, ಯಾವ ತೋಟಾ ಅಂತ ಕೇಳಿ.

ಕೈಗೆ ತಗೊಂಡ ಕೂಡಲೇ ಚೇಂಬರ್ (ನಳಿಗೆಯಲ್ಲಿ ತೋಟಾ ಕೂರುವ ಜಾಗ), ಮ್ಯಾಗಜೀನ್ ಎರಡೂ ಖಾಲಿಯೇ ನೋಡಿ. ಆಮೇಲೆ ನಳಿಗೆ ಮತ್ತು ಅದನ್ನು ಹೊತ್ತಿರುವ ಸ್ಟಾಕಿನ (ಮರದ ಅಥವಾ ಪ್ಲಾಸ್ಟಿಕ್ಕಿನ ಹಿಡಿಕೆಯ) ನಡುವೆ ಒಂದು ಕಾಗದದ ಪಟ್ಟಿ ತೂರಿಸಿ ಹಿಂದಕ್ಕೆ ಎಳೆಯಿರಿ. ಎಲ್ಲೂ ಸಿಗದೆ ಸರಿದರೆ ನಳಿಗೆ ಸ್ಟಾಕಿಗೆ ತಾಗುತ್ತಿಲ್ಲ. ಕೆಲವು ತಯಾರಕರು ಸ್ಟಾಕಿನ ತುದಿಯಲ್ಲಿ ಬೇಕಂತಲೇ ಒತ್ತು ಕೊಟ್ಟಿರುತ್ತಾರೆ, ಅದು ದೋಷವಲ್ಲ. ಒಂದೇ ಪಕ್ಕಕ್ಕೆ ತಾಗಿದ್ದರೆ ಮಾತ್ರ ಅನುಮಾನಿಸಿ. ಪ್ಲಾಸ್ಟಿಕ್ ಸ್ಟಾಕಾದರೆ ತುದಿಯನ್ನು ನಳಿಗೆಯ ಕಡೆಗೆ ಹಿಸುಕಿ. ಸುಲಭವಾಗಿ ಬಾಗಿ ತಾಗಿತೆಂದರೆ, ಬೈಪಾಡ್ (ಎರಡು ಕಾಲಿನ ಆಸರೆ) ಮೇಲಿಟ್ಟಾಗ ಗುಂಡು ಬೀಳುವ ಜಾಗ ಬದಲಾಗುವ ಸಾಧ್ಯತೆ ಹೆಚ್ಚು.

ಅಂಗಡಿಯವರು ಒಪ್ಪಿದರೆ ಇನ್ನೊಂದು ಪರೀಕ್ಷೆ ಮಾಡಿ. ರೈಫಲ್ಲನ್ನು ನೆಟ್ಟಗೆ ನಿಲ್ಲಿಸಿ, ಸ್ಟಾಕಿನ ತುದಿ ಮತ್ತು ನಳಿಗೆ ಸೇರುವಲ್ಲಿ ಬೆರಳಿಟ್ಟು ಮುಂದಿನ ಆ್ಯಕ್ಷನ್ ಸ್ಕ್ರೂ ಸಡಿಲಿಸಿ (ಆ್ಯಕ್ಷನ್ ಅಂದರೆ ನಳಿಗೆಯ ಹಿಂದೆ ಬೋಲ್ಟ್ ಇರುವ ಲೋಹದ ಭಾಗ, ಅದನ್ನು ಸ್ಟಾಕಿಗೆ ಹಿಡಿದಿಡುವುದು ಈ ಸ್ಕ್ರೂ). ನಳಿಗೆ ಸರಿದದ್ದು ಬೆರಳಿಗೆ ತಿಳಿದರೆ ಆ್ಯಕ್ಷನ್ ಸ್ಟಾಕಿನಲ್ಲಿ ಸರಿಯಾಗಿ ಕೂತಿಲ್ಲ.

ನಳಿಗೆಯ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿ. ಬೋಲ್ಟ್ (ಹಿಂದೆ ಮುಂದೆ ಸರಿಸಿ ತೋಟಾ ತುಂಬುವ ಭಾಗ) ತೆಗೆದಿಟ್ಟು, ಹತ್ತಿ ಸುತ್ತಿದ ಕಡ್ಡಿಯನ್ನು ಆ ಅಂಚಿನ ಮೇಲೆ ಒಳಗಿಂದ ಹೊರಗೆ ಎಳೆಯಿರಿ. ಎಳೆ ಸಿಕ್ಕಿಕೊಂಡ ಕಡೆ ಚೂಪು ಉಳಿದಿದೆ. ಅಲ್ಲಿ ಅನಿಲ ಒಂದು ಕಡೆಯಿಂದ ಮೊದಲು ನುಗ್ಗಿ ಗುಂಡಿನ ಹಿಂಬದಿಯನ್ನು ಓರೆಯಾಗಿಸುತ್ತದೆ.

ಟ್ವಿಸ್ಟ್, ಅಂದರೆ ನಳಿಗೆಯೊಳಗಿನ ಸುರುಳಿ ಗೆರೆ ಎಷ್ಟು ಇಂಚಿಗೆ ಒಂದು ಸುತ್ತು ತಿರುಗುತ್ತದೆ ಅನ್ನುವುದನ್ನು ಬಹಳ ಜನ ಕೇಳುವುದೇ ಇಲ್ಲ. .223 ತೋಟಾದ ರೈಫಲ್ಲಿನಲ್ಲಿ 12 ಇಂಚಿಗೆ ಒಂದು ಸುತ್ತಿದ್ದರೆ 69 ಗ್ರೇನಿನಂಥ (ಗ್ರೇನ್ ಗುಂಡಿನ ತೂಕದ ಅಳತೆ) ಉದ್ದ ಗುಂಡು ಸ್ಥಿರವಾಗಿ ಹಾರದೆ ಕಾಗದಕ್ಕೆ ಅಡ್ಡಡ್ಡ ಬಡಿಯಬಹುದು. ಅದಕ್ಕೆ 8 ಅಥವಾ 9 ಬೇಕು. ನಳಿಗೆಯ ಮೇಲೆ ಬರೆದಿರದಿದ್ದರೆ, ಹಿಡಿ ಸಲೀಸಾಗಿ ತಿರುಗುವ ಕ್ಲೀನಿಂಗ್ ರಾಡಿಗೆ ಬಿಗಿಯಾಗಿ ಬಟ್ಟೆ ಹಾಕಿ ತಳ್ಳಿ, ಒಂದು ಪೂರ್ತಿ ಸುತ್ತಿಗೆ ಎಷ್ಟು ಇಂಚು ಒಳಹೋಯಿತು ಅಳೆಯಿರಿ.

ಟ್ರಿಗರ್ ಎಳೆಯಲು ಬೇಕಾಗುವ ಬಲ 1ರಿಂದ 1.5 ಕೆ.ಜಿ. ಇದ್ದರೆ ಸಾಕು. ಅದಕ್ಕಿಂತ ಗಟ್ಟಿಯಿದ್ದರೂ ಬಹುತೇಕ ಮಾದರಿಗಳಲ್ಲಿ ಹೊಂದಿಸಿಕೊಳ್ಳಬಹುದು.

ನಿಮಗೆ ಬೇಕಾದದ್ದು ಎಷ್ಟು ಅಂತಲೂ ಯೋಚಿಸಿ. ಜಿಂಕೆಯ ಎದೆಗುರಿ ಸುಮಾರು 20 ಸೆಂ.ಮೀ., 1.5 ಎಂಒಎ ರೈಫಲ್ 200 ಮೀಟರಿನಲ್ಲಿ 9 ಸೆಂ.ಮೀ. ಒಳಗೇ ಬೀಳಿಸುತ್ತದೆ. ತೆಳು ನಳಿಗೆ ನಾಲ್ಕನೇ ಗುಂಡಿಗೆ ಬಿಸಿಯಾಗಿ ಸರಿದರೆ ಬೇಟೆಗೆ ಅದು ದೊಡ್ಡ ಕೊರತೆಯಲ್ಲ. ತಣ್ಣನೆಯ ನಳಿಗೆಯ ಮೊದಲ ಗುಂಡು ಪ್ರತಿ ಸಲ ಒಂದೇ ಕಡೆ ಬೀಳಬೇಕು, ಅಷ್ಟೇ.

ಹಳೆಯ ರೈಫಲ್ಲಾದರೆ ರೇಂಜಿನಲ್ಲಿ ಹಾರಿಸಿ ನೋಡದೆ ಹಣ ಕೊಡಬೇಡಿ. ಎರಡು ಮೂರು ಬಗೆಯ ತೋಟಾ ಒಯ್ಯಿರಿ, ಪ್ರತಿಯೊಂದರಲ್ಲೂ ಐದೈದರ ಎರಡು ಗುಂಪು, ನಡುವೆ ನಳಿಗೆ ತಣಿಯಲು ಬಿಡಿ. ಶುರುಮಾಡುವ ಮುಂಚೆ ಸ್ಕೋಪ್ ಮೌಂಟಿನ ಸ್ಕ್ರೂಗಳನ್ನು ಬಿಗಿ ಮಾಡಿ. ‘ಗುರಿ ಸರಿಯಿಲ್ಲ’ ಅಂತ ಮಾರಾಟಕ್ಕೆ ಬರುವ ಎಷ್ಟೋ ರೈಫಲ್ಲುಗಳ ಕಾಯಿಲೆ ಅಲ್ಲೇ ಇರುತ್ತದೆ.