ಹಾಜರಿಗೆ ಓಗೊಡದ ಹುಡುಗ

ಪ್ರಶ್ನೆ: ನಾನು ಸುರಪುರ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರ ಶಿಕ್ಷಕಿ. ಏಳನೇ ತರಗತಿಯ ಒಬ್ಬ ಹುಡುಗನ ತಂದೆ-ತಾಯಿ ಸಂಕ್ರಾಂತಿ ಆದಮೇಲೆ ಪುಣೆಗೆ ಗೌಂಡಿ ಕೆಲಸಕ್ಕೆ ಹೋಗಿದ್ದಾರೆ. ಇವನು ಅಜ್ಜಿಯ ಹತ್ತಿರ ಇದ್ದಾನೆ. ಹಾಜರಿ ಕೂಗಿದರೆ ಎಲ್ಲರಿಗಿಂತ ಜೋರಾಗಿ ‘ಹಾಜರ್ ರೀ’ ಅನ್ನುತ್ತಿದ್ದವನು ಈಗ ಬಾಯಿ ಬಿಡುವುದಿಲ್ಲ. ಹೋದ ವಾರ ಪಕ್ಕದವನ ಕೈ ಕಚ್ಚಿದ. ನಮ್ಮಲ್ಲಿ ಆಪ್ತಸಮಾಲೋಚಕರಿಲ್ಲ. ಪಾಲಕರನ್ನು ಕರೆದುಕೊಂಡು ಬಾ ಅಂತ ಮನೆಗೆ ಕಳಿಸಲೇ?

ಉತ್ತರ: ಕಳಿಸಬೇಡಿ ಟೀಚರ್. ಅವನು ಎಲ್ಲಿಂದ ಕರೆತರಬೇಕು?

ನಾನೂ ಹಾಗೆ ಮಾಡಿದವಳೇ. ಆಗ ಸೇಡಂ ಕಡೆ ಒಂದು ಹಳ್ಳಿಯಲ್ಲಿದ್ದೆ. ಪಾಲಕರ ಸಭೆಗೆ ಯಾರ ಮನೆಯವರು ಬಂದಿಲ್ಲವೋ ಆ ಮಕ್ಕಳನ್ನು ಎದ್ದು ನಿಲ್ಲಿಸಿದ್ದೆ. ಮುಂದಿನ ಸಭೆಗೆ ಒಬ್ಬ ಹುಡುಗ ‘ಇವ್ರು ನಮ್ ಕಾಕಾ ರೀ’ ಅಂತ ಒಬ್ಬರನ್ನು ಕರೆತಂದ. ನೋಡಿದರೆ ಬಸ್ ನಿಲ್ದಾಣದ ಚಹಾದಂಗಡಿಯವರು! ಹೆಗಲ ಮೇಲಿನ ಟವೆಲ್ಲಿಗೆ ಇನ್ನೂ ಚಹಾಪುಡಿ ಅಂಟಿತ್ತು. ‘ಐದು ರೂಪಾಯಿ ಕೊಡ್ತೀನಿ, ಒಂದ್ ಸಲ ಬಾ ಅಂದ ರೀ. ರೊಕ್ಕ ತಗೊಂಡಿಲ್ಲ’ ಅಂದರು. ಅವತ್ತು ನನಗೆ ನನ್ನದೇ ಹಾಜರಿ ಪುಸ್ತಕ ತೆರೆಯಲು ನಾಚಿಕೆಯಾಯಿತು.

ತೊಗರಿ ರಾಶಿ ಮುಗಿಯುತ್ತಿದ್ದ ಹಾಗೆ ನಮ್ಮ ಕಡೆ ಅರ್ಧ ಓಣಿ ಖಾಲಿಯಾಗುತ್ತದೆ. ನಿಮ್ಮ ಹುಡುಗ ಮಾತು ಬಿಟ್ಟದ್ದೂ ಅದೇ ಹೊತ್ತಿಗೆ ಅನ್ನುವುದನ್ನು ಗಮನಿಸಿ. ಕಚ್ಚಿದ್ದಕ್ಕೆ ಹೊಡೆಯುವ ಮಾತೇ ಬೇಡ; 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆತದ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಕಚ್ಚಿಸಿಕೊಂಡ ಹುಡುಗನನ್ನು ಮರೆಯಬೇಡಿ, ಅವನಿಗೂ ನೋವಾಗಿದೆ.

‘ಏನಾಗ್ಯಾದ, ಹೇಳು’ ಅಂತ ಎದುರು ಕೂಡಿಸಿಕೊಂಡು ಕೇಳಿದರೆ ಈ ವಯಸ್ಸಿನ ಗಂಡುಹುಡುಗರು ನೆಲ ನೋಡುತ್ತಾರೆ. ಕೈಗೆ ಕೆಲಸ ಕೊಡಿ. ಬಿಸಿಯೂಟದ ತಟ್ಟೆ ಎಣಿಸುವುದು, ಗಿಡಕ್ಕೆ ನೀರು ಹಾಕುವುದು, ಏನಾದರೂ. ನೀವೂ ಪಕ್ಕದಲ್ಲೇ ನಿಂತು ಅದೇ ಕೆಲಸ ಮಾಡಿ. ನಾಲ್ಕು ದಿನ ಏನೂ ಅನ್ನಲಿಕ್ಕಿಲ್ಲ. ಐದನೇ ದಿನ ‘ನಮ್ಮವ್ವ ಯಾವಾಗ ಬರ್ತಾಳ ರೀ’ ಅನ್ನಬಹುದು. ‘ಜಲ್ದಿ ಬರ್ತಾಳ’ ಅಂತ ಸುಳ್ಳು ಹೇಳಬೇಡಿ. ಅವ್ವನಿಗೆ ಫೋನ್ ಹಚ್ಚಿಕೊಡಿ. ಸಾಧ್ಯವಾದರೆ ವಾರಕ್ಕೊಂದು ದಿನ, ಅವಳು ಕೆಲಸ ಬಿಡುವ ಹೊತ್ತು ನೋಡಿ. ಅವನು ಬರೆದ ಒಂದು ಪುಟದ ಫೋಟೋವನ್ನೂ ಅವಳಿಗೆ ಕಳಿಸಿ.

ಊಟ-ನಿದ್ದೆ ಕೆಟ್ಟರೆ, ವಾರಗಟ್ಟಲೆ ಹೀಗೇ ಇದ್ದರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಮನಸ್ಸಿನ ತೊಂದರೆ ನೋಡುವ ಮನೋಚೈತನ್ಯ ಕ್ಲಿನಿಕ್‌ಗೆ ತೋರಿಸಿ. ಅದು ಮಂಗಳವಾರ ನಡೆಯುತ್ತದೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ನೀವೇ ಕರೆ ಮಾಡಿ ಸಲಹೆ ಕೇಳಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ‘ಸಾಯ್ತೀನಿ’ ಅಂತ ಬಾಯಲ್ಲಿ ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ, ಒಬ್ಬನೇ ಬಿಡಲೂ ಬೇಡಿ. ಮನೆಯಲ್ಲಿ ಯಾರಾದರೂ ಹೊಡೆಯುತ್ತಿದ್ದಾರೆ ಅನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಮತ್ತೆ, ಅಜ್ಜಿಯ ಹತ್ತಿರ ಸಂಜೆ ಹೋಗಿ, ಚೀಟಿ ಕಳಿಸಬೇಡಿ. ಶಾಲೆಯ ಚೀಟಿ ಅಂದರೆ ಮೊಮ್ಮಗನ ಹೆಸರು ತೆಗೆದರು ಅಂತಲೇ ಆಕೆ ತಿಳಿದಾಳು.