ಸಿಗ್ನಲ್‌ನಲ್ಲಿ ಆಫ್ ಆಗೋ ಪದ್ಮಿನಿ

ಪ್ರಶ್ನೆ: ಸಾರ್, ನಮ್ದು ಮಂಡ್ಯ. ಅಪ್ಪಾಜಿ ತಗೊಂಡಿದ್ದ 1986ರ ಪ್ರೀಮಿಯರ್ ಪದ್ಮಿನಿ ಐತೆ, ಮಾರೋಕೆ ಮನ್ಸಿಲ್ಲ. ಮೈಸೂರಿಗೆ ಬಂದು ಸಿಗ್ನಲ್‌ಲ್ಲಿ ನಿಂತ್ರೆ ಸಾಕು, ಗೊರಗೊರ ಅಂದು ಆಫ್ ಆಗೋದು. ಮೆಕ್ಯಾನಿಕ್ ಒಬ್ರಿಗೆ ತೋರಿಸ್ದೆ, ಸ್ಕ್ರೂ ತಿರುಗಿಸಿ ಸ್ಲೋ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡೋ ಸ್ಪೀಡು) ಏರಿಸಿ ಕಳಿಸಿದ್ರು. ಈಗ ಆಫ್ ಆಗಲ್ಲ, ಆದ್ರೆ ರಿವರ್ಸ್ ಹಾಕಿದ್ರೆ ಕರ್ ಅಂತದೆ, ಪೆಟ್ರೋಲ್ ಜಾಸ್ತಿ ಕುಡೀತದೆ, ಕೀ ತೆಗೆದ್ ಮೇಲೂ ಇಂಜಿನ್ ವಸಿ ಹೊತ್ತು ಒದರಾಡಿ ಆಮೇಲೆ ನಿಲ್ಲೋದು. ಮನೇಲೇ ಸರಿಯಾಗಿ ಸೆಟ್ ಮಾಡ್ಕೊಳೋದು ಹೆಂಗೆ?

ಉತ್ತರ: ಜ್ವರ ಯಾಕೆ ಬಂತು ಅಂತ ನೋಡದೆ ಮಾತ್ರೆ ಕೊಟ್ಟಂಗಾಗಿದೆ ಇದು. ಈಗಿನ ಮೂರೂ ಕಂಪ್ಲೇಂಟು ಆ ಏರಿಸಿದ ಸ್ಲೋದಿಂದಲೇ ಇರಬಹುದು. ಥ್ರಾಟಲ್ (ಇಂಜಿನ್‌ಗೆ ಗಾಳಿ ಬಿಡೋ ಬಾಗಿಲು) ಅಷ್ಟು ತೆರೆದಿದ್ರೆ ಕೀ ಆಫ್ ಮಾಡಿದ್ರೂ ಪೆಟ್ರೋಲ್ ಗಾಳಿ ಒಳಗೆ ಹೋಗ್ತಾನೇ ಇರುತ್ತೆ, ಸಿಲಿಂಡರ್ ಒಳಗೆ ಕಾದಿರೋ ಕಾರ್ಬನ್ನೇ ಅದಕ್ಕೆ ಬೆಂಕಿ ಹಚ್ಚುತ್ತೆ, ಅದಕ್ಕೇ ಒದರಾಟ. ಸ್ಲೋ ಜಾಸ್ತಿ ಇದ್ರೆ ಕ್ಲಚ್ ಒತ್ತಿದ್ರೂ ಒಳಗಿನ ಗೇರು ಬೇಗ ನಿಲ್ಲಲ್ಲ, ರಿವರ್ಸ್ ಕರ್ ಅನ್ನುತ್ತೆ.

ಸ್ಕ್ರೂ ಮುಟ್ಟೋದು ಕೊನೇ ಕೆಲಸ. ಮೊದ್ಲು ಪ್ಲಗ್ ಬಿಚ್ಚಿ ಕ್ಲೀನ್ ಮಾಡಿ ಗ್ಯಾಪ್ 0.6 ಎಂಎಂ ಇಡಿ, ಪಾಯಿಂಟ್ (ಪ್ಲಗ್ ಕಿಡಿಗೆ ಕರೆಂಟ್ ಕಡಿಯೋ ಸ್ವಿಚ್ಚು) ಸುಟ್ಟಿದ್ರೆ ಬದಲಾಯಿಸಿ, ಟ್ಯಾಪೆಟ್ (ವಾಲ್ವ್ ಸಂದು) ನೋಡಿಸಿ. ಆಮೇಲೆ ಗಾಳಿ ಎಲ್ಲಾದ್ರೂ ಕದ್ದು ಒಳಗೆ ಹೋಗ್ತಿದೆಯಾ ಅಂತ ಹುಡುಕಿ, ಹಳೇ ಗಾಡೀಲಿ ಮುಕ್ಕಾಲು ಪಾಲು ಇದೇ ಕಥೆ. ಕಾರ್ಬೋರೇಟರ್ (ಪೆಟ್ರೋಲ್ ಗಾಳಿ ಬೆರೆಸೋ ಭಾಗ) ಕೆಳಗಿನ ಪ್ಯಾಕಿಂಗ್, ಪ್ಲಗ್‌ಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್‌ಗೆ ಹೋಗೋ ಸಣ್ಣ ವ್ಯಾಕ್ಯೂಮ್ ಪೈಪಿನ ತುದಿ ಒಡೆದಿರೋದು, ಥ್ರಾಟಲ್ ಸ್ಪಿಂಡಲ್ (ಆ ಬಾಗಿಲು ತಿರುಗೋ ಕಂಬಿ) ಸವೆದು ಲೊಡಲೊಡ ಅನ್ನೋದು. ಇಂಜಿನ್ ಓಡ್ತಿರುವಾಗ ಸ್ಪಿಂಡಲ್‌ನ ಎರಡೂ ತುದಿಗೆ ಒಂದೊಂದು ತೊಟ್ಟು ಇಂಜಿನ್ ಆಯಿಲ್ ಬಿಡಿ, ಸೌಂಡು ಬದಲಾದ್ರೆ ಅಲ್ಲೇ ಗಾಳಿ ಎಳೀತಿದೆ ಅಂತ, ಆಗ ಸ್ಪಿಂಡಲ್ ಕೂರೋ ಬುಷ್ ಹಾಕಿಸದೆ ಯಾವ ಸ್ಕ್ರೂ ತಿರುಗಿಸಿದ್ರೂ ದಂಡ.

ಇನ್ನೊಂದು, ನಿಮ್ಮ ಗಾಡಿಯ ಸೊಲೆಕ್ಸ್ ಕಾರ್ಬೋರೇಟರ್‌ನ ಪೈಲಟ್ ಜೆಟ್, ಅಂದ್ರೆ ಸ್ಲೋನಲ್ಲಿ ಪೆಟ್ರೋಲ್ ಬಿಡೋ ಸಣ್ಣ ಭಾಗ. ಅದರ ತೂತು ಕೂದಲೆಳೆ ಥರ ಇರುತ್ತೆ, ಟ್ಯಾಂಕಿನ ತುಕ್ಕು ಒಂದು ಕಣ ಕೂತ್ರೂ ಸಾಕು, ಆಕ್ಸಿಲರೇಟರ್ ಒತ್ತಿರೋವರೆಗೂ ಗಾಡಿ ಚೆನ್ನಾಗಿ ಓಡುತ್ತೆ, ಕಾಲು ತೆಗೆದ ತಕ್ಷಣ ಆಫ್. ಬಿಚ್ಚಿ ಗಾಳಿ ಹೊಡೆಸಿ ಅಷ್ಟೇ, ದಯವಿಟ್ಟು ತಂತಿ ಹಾಕಿ ತಿವೀಬೇಡಿ, ತೂತು ದೊಡ್ಡದಾದ್ರೆ ಜೆಟ್ಟೇ ಹೋಯ್ತು.

ಈಗ ಬಂಕಲ್ಲಿ ಸಿಗೋದು ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್ (ನಿಮ್ಮ ಊರಿನ ಕಬ್ಬಿಗೂ ಇದಕ್ಕೂ ನಂಟಿದೆ, ಬೈಯೋ ಹಂಗಿಲ್ಲ). ಎಥನಾಲ್‌ನಲ್ಲೇ ಆಮ್ಲಜನಕ ಇರೋದ್ರಿಂದ ಅದೇ ಜೆಟ್‌ನಲ್ಲಿ ಮಿಕ್ಸ್ಚರ್ (ಪೆಟ್ರೋಲ್ ಗಾಳಿ ಮಿಶ್ರಣ) ಸ್ವಲ್ಪ ತೆಳ್ಳಗಾಗುತ್ತೆ, ಸರಿಮಾಡ್ಕೊಳೋಕೆ ಪದ್ಮಿನೀಲಿ ಕಂಪ್ಯೂಟರ್ ಇಲ್ಲ. ಹಳೇ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಮ್ ಕೂಡ ಒಮ್ಮೆ ನೋಡಿಸಿ.

ಇಷ್ಟೆಲ್ಲಾ ಆದ್ಮೇಲೆ ಸೆಟ್ಟಿಂಗ್. ಬಯಲಲ್ಲಿ ನಿಲ್ಸಿ, ಶೆಡ್ ಒಳಗೆ ಹೊಗೆ ಕುಡೀಬೇಡಿ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಹೆಗಲ ಮೇಲಿನ ಟವೆಲ್ ಪಕ್ಕಕ್ಕಿಟ್ಟು ಬಗ್ಗಿ, ಫ್ಯಾನ್ ಎಳ್ಕೊಂಡ್ರೆ ಕಷ್ಟ. ಒಂದು ರೌಂಡ್ ಹೊಡ್ಕೊಂಡ್ ಬಂದು ಇಂಜಿನ್ ಪೂರ್ತಿ ಬಿಸಿಯಾಗಿರಬೇಕು, ಚೋಕ್ ಪೂರ್ತಿ ಒಳಗೆ. ಎರಡು ಸ್ಕ್ರೂ ಇವೆ: ಥ್ರಾಟಲ್ ಲಿವರ್‌ನ ತಳ್ಳೋದು ಸ್ಪೀಡ್ ಸ್ಕ್ರೂ, ಕಾರ್ಬೋರೇಟರ್ ಬುಡದಲ್ಲಿ ಸ್ಪ್ರಿಂಗ್ ಹಾಕಿರೋ ಚೂಪು ತುದೀದು ಮಿಕ್ಸ್ಚರ್ ಸ್ಕ್ರೂ. ಮೊದ್ಲು ಸ್ಪೀಡ್ ಸ್ಕ್ರೂನಿಂದ ಸ್ಲೋ ಸ್ವಲ್ಪ ಜಾಸ್ತಿ ಇಟ್ಕೊಳಿ, ಆಮೇಲೆ ಮಿಕ್ಸ್ಚರ್ ಸ್ಕ್ರೂ ನಿಧಾನಕ್ಕೆ ಹೊರಗೆ ತಿರುಗಿಸ್ತಾ ಹೋಗಿ, ಒಂದು ಹಂತದಲ್ಲಿ ಇಂಜಿನ್ ಏರಿಳಿದು ಕುಂಟೋಕೆ ಶುರು ಮಾಡುತ್ತೆ, ಅಲ್ಲಿಂದ ಒಳಗೆ ತಿರುಗಿಸ್ತಾ ಬನ್ನಿ, ಕುಂಟೋದು ನಿಂತು ಸಮನಾಗಿ ಓಡಿದ ಜಾಗದಲ್ಲೇ ಬಿಟ್ಬಿಡಿ, ಈಗ ಸ್ಪೀಡ್ ಸ್ಕ್ರೂ ಇಳಿಸಿ, ಮತ್ತೆ ಕುಂಟಿದ್ರೆ ಮಿಕ್ಸ್ಚರ್ ಕೂದಲಷ್ಟು ಸರಿಮಾಡಿ. ಎರಡೂ ಒಂದಕ್ಕೊಂದು ಎಳೀತವೆ, ಸಮಾಧಾನ ಬೇಕು. ಮಿಕ್ಸ್ಚರ್ ಸ್ಕ್ರೂನ ಒಳಗೆ ಬಿಗಿದು ಕೂರಿಸಬೇಡಿ, ತುದೀಲಿ ಗೀರು ಬಿದ್ರೆ ಸೆಟ್ಟಿಂಗೇ ನಿಲ್ಲಲ್ಲ.

ಸ್ಲೋ ಸುಮಾರು 700ರಿಂದ 800 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ಸುತ್ತು) ಸಾಕು. ಮೀಟರ್ ಇಲ್ಲಾಂದ್ರೆ ಹೆಡ್‌ಲೈಟ್ ಹಾಕಿ ನೋಡಿ, ಆಗಲೂ ಆಫ್ ಆಗಬಾರದು. ಬ್ಯಾಟರಿ ಚಾರ್ಜ್ ಮಾಡೋಕೆ ಡೈನಮೋ ಇರೋ ಗಾಡಿ ಆದ್ರೆ ಸ್ಲೋನಲ್ಲಿ ಚಾರ್ಜಿಂಗ್ ಲೈಟು ಮಿಣಮಿಣ ಅನ್ನೋದು ಮಾಮೂಲಿ, ಅದಕ್ಕೆ ಹೆದರಿ ಮತ್ತೆ ಸ್ಲೋ ಏರಿಸಬೇಡಿ.

ಪ್ರಶ್ನೆ: ನಮ್ಮ ಮಾವನವರ ಅಂಬಾಸಿಡರ್‌ನಲ್ಲಿ ಎಸ್‌ಯು ಅನ್ನೋ ಬೇರೆ ಥರದ ಕಾರ್ಬೋರೇಟರ್ ಇದೆ. ಅದರಲ್ಲಿ ಮಿಕ್ಸ್ಚರ್ ಸ್ಕ್ರೂ ಕಾಣ್ತಾನೇ ಇಲ್ಲವಲ್ಲ? (ಕುವೆಂಪುನಗರದ ಓದುಗರು)

ಉತ್ತರ: ಅಲ್ಲಿ ಸ್ಕ್ರೂ ಬದಲು ಕೆಳಗೆ ಜೆಟ್ ನಟ್ ಇರುತ್ತೆ. ಮೇಲೆ ತಿರುಗಿಸಿದ್ರೆ ಪೆಟ್ರೋಲ್ ಕಮ್ಮಿ, ಕೆಳಗೆ ಇಳಿಸಿದ್ರೆ ಜಾಸ್ತಿ. ಸ್ಲೋನಲ್ಲಿ ಓಡುವಾಗ ಒಳಗಿನ ಪಿಸ್ಟನ್ನ ಒಂಚೂರು ಎತ್ತಿ: ಇಂಜಿನ್ ಏರಿ ಹಂಗೇ ಉಳಿದ್ರೆ ಪೆಟ್ರೋಲ್ ಜಾಸ್ತಿ, ಆಫ್ ಆಗೋಕೆ ಹೋದ್ರೆ ಕಮ್ಮಿ, ಒಂದು ಕ್ಷಣ ಏರಿ ಮತ್ತೆ ಸಮಕ್ಕೆ ಬಂದ್ರೆ ಕೈ ತೆಗೀರಿ, ಸರಿಯಾಗಿದೆ. ಮೇಲಿನ ಮುಚ್ಚಳ ಬಿಚ್ಚಿ ಡ್ಯಾಂಪರ್ ಆಯಿಲ್ ಇದೆಯಾ ನೋಡಿ, ಅದು ಖಾಲಿಯಾದ್ರೆ ಪಿಕಪ್ ಕೊಟ್ಟಾಗ ತಡವರಿಸುತ್ತೆ.