ಪ್ರತಿಕ್ರಿಯೆ: ‘ಭೂಮಿ ಬಿಸಿಯಾಗುತ್ತಿರುವುದು ಸೂರ್ಯನಿಂದ’ ಎನ್ನುವ ಡೊಂಬಿವಲಿಯ ಮಾವನಿಗೆ ಏನು ಹೇಳಲಿ?

ಭೂಮಿ ಬಿಸಿಯಾಗುತ್ತಿರುವುದು ಮನುಷ್ಯರಿಂದಲ್ಲ ಎಂದು ವಾದಿಸುವ ಮಾವನೆದುರು ನೀವು 2005ರ ಜುಲೈ 26ರ ಮುಂಬೈ ಮಳೆಯನ್ನೇ ಪುರಾವೆ ಮಾಡಿದ್ದರಿಂದ ಮಾತು ಹಳಿ ತಪ್ಪಿರಬೇಕು. ಅಂದು ನಗರದ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರಿದರೆ ಅದೇ ನಗರದ ಕೊಲಾಬಾದಲ್ಲಿ ನೂರನ್ನೂ ಮುಟ್ಟಲಿಲ್ಲ. ನಗರ ಮುಳುಗಿದ್ದಕ್ಕೆ ಅಲ್ಲಿನ ಮಿಠೀ ನದಿಯ ಒತ್ತುವರಿಯೂ ಕಾರಣ. ಒಂದು ದಿನದ ಮಳೆಯಿಂದ ಏನೂ ಸಾಬೀತಾಗದು ಎನ್ನುವ ಮಾವನ ಮಾತು ಸರಿ. ಮೊದಲು ಅದನ್ನು ಒಪ್ಪಿಕೊಳ್ಳಿ. ಇದೇ ವಾದ ಮಾಡುತ್ತಿದ್ದ ನಮ್ಮಣ್ಣ ನನ್ನ ಮಾತಿಗೆ ಕಿವಿಗೊಟ್ಟದ್ದು ನಾನು ಹಾಗೆ ಒಪ್ಪಿದ ಮೇಲೆಯೇ.

ಆಮೇಲೆ ಸೂರ್ಯನ ವಿಷಯ. ಸೂರ್ಯನೇ ಕಾರಣವಾಗಿದ್ದರೆ ವಾತಾವರಣ ಮೇಲಿನಿಂದ ಕೆಳಗಿನವರೆಗೂ ಬಿಸಿಯಾಗಬೇಕಿತ್ತು. ಆದರೆ ನೆಲದ ಹತ್ತಿರ ಕಾವೇರಿದೆ, ವಾತಾವರಣದ ಮೇಲಿನ ಪದರವಾದ ಸ್ತರಗೋಳ ತಣ್ಣಗಾಗಿದೆ. ಇದನ್ನು ನಿಧಾನವಾಗಿ, ಎರಡು ಸಲ ಹೇಳಿ. ನಮ್ಮಣ್ಣನ ವಿಷಯದಲ್ಲಿ ಫಲ ಕೊಟ್ಟದ್ದು ಇದೇ.

‘ಭೂಮಿಯನ್ನು ಬಿಸಿ ಮಾಡುವ ಇಂಗಾಲ ಜ್ವಾಲಾಮುಖಿಯಿಂದ ಬಂದಿರಬಹುದಲ್ಲ’ ಎಂದರೆ ಇಂಗಾಲದ ತುಸು ಭಾರದ ರೂಪವಾದ ಕಾರ್ಬನ್-13 ಬಗ್ಗೆ ಹೇಳಿ. ಕಲ್ಲಿದ್ದಲು, ಪೆಟ್ರೋಲಿನಲ್ಲಿ ಅದರ ಪಾಲು ಜ್ವಾಲಾಮುಖಿಯ ಅನಿಲಕ್ಕಿಂತ ಕಡಿಮೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 280 ಭಾಗದಿಂದ 420 ದಾಟುವಷ್ಟರಲ್ಲಿ ಅಲ್ಲೂ ಆ ಪಾಲು ಇಳಿದಿದೆ. ಸುಟ್ಟ ಇಂಧನದ ಬೆರಳಚ್ಚು ಅದು.

ಊಟದ ಹೊತ್ತಿಗೆ ಎಲ್ಲರೆದುರು ಬೇಡ. ಸಂಜೆ ಬಾಲ್ಕನಿಯಲ್ಲಿ ಚಹಾ ಕೊಟ್ಟು, ಒಬ್ಬರೇ ಇದ್ದಾಗ ಸೂರ್ಯನ ವಿಷಯವೊಂದನ್ನೇ ಎತ್ತಿ. ಒಂದೇ ಸಲಕ್ಕೆ ಒಪ್ಪುತ್ತಾರೆಂದು ಖಾತ್ರಿ ಕೊಡಲಾರೆ. ಕಾರ್ಬನ್ ಮಾತು ಮುಂದಿನ ವಾರಕ್ಕಿರಲಿ.